ರಾಜಿಯೂ ನಾಮವೂ

ಟಿವಿಯ ಕೆಳಗೆ ಓಡುವ ಪಟ್ಟಿಯಲ್ಲಿ ಮೊನ್ನೆ ಮತ್ತೆ ಅದೇ ಸಾಲು: 'ರಾಜೀನಾಮೆ ಕೊಡುವ ಪ್ರಶ್ನೆಯೇ ಇಲ್ಲ'. ಯಾವ ಮಂತ್ರಿ, ಯಾವ ಹಗರಣ ಅಂತ ಕೇಳಬೇಡಿ. ನೀವು ಇದನ್ನು ಓದುವ ಹೊತ್ತಿಗೆ ಅದೇ ಸಾಲನ್ನು ಇನ್ನೊಬ್ಬರು ಹೇಳಿರುತ್ತಾರೆ. ನನ್ನ ಹೆಂಡತಿ ಗೋಡೆಯ ಕ್ಯಾಲೆಂಡರ್ ನೋಡಿ, 'ಇನ್ನೊಂದು ವಾರ' ಎಂದಳು. ವಾರದ ನಂತರ ಬರುವ ಸಾಲೂ ಅವಳಿಗೆ ಬಾಯಿಪಾಠ: 'ಹೈಕಮಾಂಡ್ ಹೇಳಿದರೆ ಸಿದ್ಧ'.

ತಪ್ಪು ಅವರದಲ್ಲ, ಪದದ್ದು. ರಾಜೀನಾಮೆ ಪಾರಸಿಯಿಂದ ಬಂದ ಮಾತು. ರಾಜಿ ಅಂದರೆ ಒಪ್ಪಿಗೆ, ನಾಮೆ ಅಂದರೆ ಕಾಗದ. ಹಿಂದಿಯವರು ಹುದ್ದೆ ಬಿಡುವುದಕ್ಕೆ ಇಸ್ತೀಫಾ ಅನ್ನುತ್ತಾರೆ. ಅವರ ಕೋರ್ಟುಗಳಲ್ಲಿ ರಾಜೀನಾಮಾ ಎಂದರೆ ಜಗಳವಾಡಿದ ಇಬ್ಬರೂ ಕೂತು ಮಾತಾಡಿ, ಕೊಟ್ಟು ತೆಗೆದುಕೊಂಡು, ಕೇಸು ಮುಗಿಸಿಕೊಂಡ ಪತ್ರ. ದಕ್ಷಿಣಕ್ಕೆ ಬರುವ ದಾರಿಯಲ್ಲಿ ಅದು ಹೇಗೋ ಕುರ್ಚಿ ಬಿಡುವ ಪತ್ರವಾಯಿತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಅಲ್ವಾ? ನಮ್ಮ ಶಾಸಕರು ಕಷ್ಟಪಟ್ಟು ಅದನ್ನು ಮತ್ತೆ ಮೂಲ ಅರ್ಥಕ್ಕೇ ತಂದು ನಿಲ್ಲಿಸಿದ್ದಾರೆ. ಭಾಷಾಪ್ರೇಮ ಅಂದರೆ ಇದು. ರಾಜಿ ಅವರಿಗೆ, ನಾಮ ನಮಗೆ.

2019ರ ಜುಲೈ ನೆನಪಿದೆ ತಾನೆ? ರಾಜೀನಾಮೆ ಕೊಟ್ಟ ಆಡಳಿತ ಮೈತ್ರಿಕೂಟದ ಶಾಸಕರು ಮುಂಬೈ ಹೋಟೆಲಿನಲ್ಲಿ, ರಾಜೀನಾಮೆ ಪತ್ರ ವಿಧಾನಸೌಧದಲ್ಲಿ. 13 ಪತ್ರಗಳಲ್ಲಿ 8 ಕ್ರಮಬದ್ಧವಾಗಿಲ್ಲ ಎಂದು ಸ್ಪೀಕರ್ ರಮೇಶ್ ಕುಮಾರ್ ತಳ್ಳಿದರು. ಐದು ಲಕ್ಷದ ತಾಲ್ಲೂಕು ಕಾಮಗಾರಿಗೆ ಅರ್ಜಿ ಹೇಗಿರಬೇಕು ಅಂತ ನಮಗೆ ಬುದ್ಧಿ ಹೇಳುವವರಿಗೆ ಒಂದು ಸಾಲಿನ ಪತ್ರ ಬರಲಿಲ್ಲ! ಜುಲೈ 11ರಂದು ಸುಪ್ರೀಂ ಕೋರ್ಟ್, ಸಂಜೆ 6ರ ಒಳಗೆ ಸ್ಪೀಕರ್ ಮುಂದೆ ಹಾಜರಾಗಿ ಎಂದಿತು. ವಿಮಾನ ಹತ್ತಿ ಬಂದರು. ಒಬ್ಬರಂತೂ ವಿಧಾನಸೌಧದೊಳಗೆ ಓಡಿದರು. ಟಿವಿಯಲ್ಲಿ ನೋಡಿದೆ, ನಿಜಕ್ಕೂ ಓಟ. ಬಿಳಿ ಅಂಗಿ, ಏದುಸಿರು, ಹಿಂದೆ ಕ್ಯಾಮೆರಾ. ಕ್ಷೇತ್ರದಲ್ಲಿ ರಾಜಕಾಲುವೆ ಉಕ್ಕಿ ಮನೆಗಳಿಗೆ ನೀರು ನುಗ್ಗಿದಾಗ ಯಾವ ಶಾಸಕರೂ ಹಾಗೆ ಓಡಿದ್ದನ್ನು ನಾನು ಕಂಡಿಲ್ಲ.

ಆಮೇಲಿನದು ಗೊತ್ತೇ ಇದೆ. ವಿಶ್ವಾಸಮತದಲ್ಲಿ 99ಕ್ಕೆ 105, ಮೈತ್ರಿ ಸರ್ಕಾರ ಬಿತ್ತು. 17 ಜನ ಅನರ್ಹರಾದರು. ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು ಎಂದು ನವೆಂಬರಿನಲ್ಲಿ ಕೋರ್ಟ್ ಹೇಳಿತು. ಡಿಸೆಂಬರಿನಲ್ಲಿ 15 ಕಡೆ ಉಪಚುನಾವಣೆ. ಬಿಟ್ಟ ಕುರ್ಚಿಗೇ ಹೊಸ ಪಕ್ಷದ ಟವೆಲ್ ಹಾಸಿ ಬಹಳಷ್ಟು ಜನ ವಾಪಸ್ ಕೂತರು, ಕೆಲವರು ಮಂತ್ರಿಗಳೂ ಆದರು. ವೋಟು ಹಾಕಿದ್ದು ನಾವೇ ಬಿಡಿ. ಅದನ್ನು ಇಲ್ಲಿ ಜಾಸ್ತಿ ಕೆದಕುವುದಿಲ್ಲ.

ಪತ್ರಿಕೆಯವರ ಬಳಿ ಇದಕ್ಕೆ ಇನ್ನೂ ಪದಗಳಿವೆ. ಕೊಕ್, ಗೇಟ್‌ಪಾಸ್, ಪದತ್ಯಾಗ. ನನಗೆ ಜಾಸ್ತಿ ಇಷ್ಟವಾದದ್ದು ತಲೆದಂಡ. 'ಸಚಿವರ ತಲೆದಂಡ' ಎಂದು ಮುಖಪುಟದಲ್ಲಿ ಬರುತ್ತದೆ. ಮಾರನೆಯ ದಿನ ಅದೇ ತಲೆ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದು ಮೈಸೂರು ಪೇಟ ಸುತ್ತಿಸಿಕೊಳ್ಳುತ್ತದೆ. ಕ್ರೇನಿನಲ್ಲಿ ಸೇಬಿನ ಹಾರ.

ಹಳೆ ತಲೆಮಾರಿನವರಲ್ಲಿ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ಈ ರಾಗದ ಪಂಡಿತರು. 1984ರಲ್ಲಿ ಲೋಕಸಭೆಯಲ್ಲಿ ಪಕ್ಷ ಸೋತಿತೆಂದು ರಾಜೀನಾಮೆ ಕೊಟ್ಟು, ಮರುವರ್ಷ ವಿಧಾನಸಭೆ ಗೆದ್ದು ಬಂದರು. 1986ರಲ್ಲಿ ಕೊಟ್ಟು ಮೂರೇ ದಿನದಲ್ಲಿ ವಾಪಸ್ ಪಡೆದರು. 1988ರಲ್ಲಿ ಫೋನ್ ಕದ್ದಾಲಿಕೆ ಪ್ರಕರಣದಲ್ಲಿ ಕೊಟ್ಟದ್ದು ಮಾತ್ರ ಕೊಟ್ಟಂತೆಯೇ ಆಯಿತು. ಇನ್ನು ಆಗ ರೈಲ್ವೆ ಮಂತ್ರಿಯಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿ. 1956ರ ರೈಲು ಅಪಘಾತದ ನಂತರ ಅವರು ಕೊಟ್ಟ ಮೊದಲ ರಾಜೀನಾಮೆಯನ್ನು ನೆಹರೂ ಒಪ್ಪಲಿಲ್ಲ. ಅದೇ ವರ್ಷ ಅರಿಯಲೂರಿನಲ್ಲಿ ಮತ್ತೊಂದು ಅಪಘಾತ, ಮತ್ತೊಂದು ಪತ್ರ. ಈ ಸಲ ಒಪ್ಪಿದರು. ವಿರೋಧ ಪಕ್ಷದಲ್ಲಿರುವಾಗ ಎಲ್ಲರಿಗೂ ಶಾಸ್ತ್ರಿಯವರು ನೆನಪಾಗುತ್ತಾರೆ. ಪ್ರಮಾಣವಚನದ ಹೊತ್ತಿಗೆ ಮರೆತುಹೋಗುತ್ತಾರೆ.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹತ್ತಿರ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಕಪ್ ನೋಡಲು ಹೋದ ಮಕ್ಕಳು. ಪೊಲೀಸ್ ಕಮಿಷನರ್ ಅಮಾನತಾದರು. ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿ, ಖಜಾಂಚಿ ನೈತಿಕ ಹೊಣೆ ಹೊತ್ತು ಬಿಟ್ಟರು. ಮಂತ್ರಿಗಳಲ್ಲಿ ಒಬ್ಬರೂ ಬಿಡಲಿಲ್ಲ. ಕುಂಭಮೇಳದಲ್ಲಿ ಸತ್ತಾಗ ನಿಮ್ಮವರು ಬಿಟ್ಟರಾ ಎಂದು ಇವರು, ನಮ್ಮದು ಬಿಡಿ ನಿಮ್ಮದು ಹೇಳಿ ಎಂದು ಅವರು. ಇದರಲ್ಲಿ ತಮಾಷೆ ಮಾಡಲು ನನಗೆ ಆಗುತ್ತಿಲ್ಲ. ಸಾಕಾಗಿದೆ.

ನನ್ನ ಅಕ್ಕನ ಮಗ ನಾಲ್ಕು ತಿಂಗಳ ಹಿಂದೆ ಐಟಿ ಕಂಪನಿಯೊಂದರಲ್ಲಿ ಪೇಪರ್ ಹಾಕಿದ. 90 ದಿನ ನೋಟಿಸ್. ಯಾಕೆ ಬಿಡ್ತೀಯಾ ಅಂತ ಮೂರು ಸಲ ಮೀಟಿಂಗ್. ಐಡಿ ಕಾರ್ಡು, ಲ್ಯಾಪ್‌ಟಾಪ್, ಹೆಡ್‌ಫೋನ್ ಎಲ್ಲ ವಾಪಸ್ ಕೊಟ್ಟ ಮೇಲೂ ನೋ ಡ್ಯೂಸ್ ಸಿಗಲಿಲ್ಲ. ಚಾರ್ಜರ್ ಒಂದು ಕಡಿಮೆ ಇದೆಯಂತೆ. ನಿನ್ನೆ ರಾತ್ರಿ ನಮ್ಮ ಮನೆಯ ಸೋಫಾ ಕೆಳಗೆ ಟಾರ್ಚ್ ಹಿಡಿದು ಹುಡುಕುತ್ತಿದ್ದ.

'ಮಾಮಾ, ಎಂಎಲ್‌ಎಗಳು ಬಿಡುವಾಗ ಏನೇನು ವಾಪಸ್ ಕೊಡ್ತಾರೆ?' ಎಂದು ಅಲ್ಲಿಂದಲೇ ಕೇಳಿದ.

ನಾನು ಎದ್ದು ಹೋಗಿ ಮಂಚದ ಕೆಳಗೆ ನೋಡಿದೆ. ಅಲ್ಲೂ ಚಾರ್ಜರ್ ಇರಲಿಲ್ಲ.