ಬ್ರೌಸರಿನ ಹೊಸ ಆವೃತ್ತಿ ಕೂಡಲೇ ಹಾಕಬೇಕಾ, ನಾಲ್ಕು ದಿನ ಕಾಯಬೇಕಾ?

ಹಂಪನಕಟ್ಟೆಯ ಜೆರಾಕ್ಸ್ ಅಂಗಡಿಯಿರಲಿ, ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡ್ ಹತ್ತಿರದ ಟ್ಯಾಕ್ಸ್ ಆಫೀಸಿರಲಿ, ಒಂದು ಸಲಹೆ ಬಾಯಿಂದ ಬಾಯಿಗೆ ಹೋಗ್ತಾ ಉಂಟು: "ಕ್ರೋಮ್ ಅಪ್‌ಡೇಟ್ ಬಂದ್ ಮಾಡಿಡಿ, ಇಲ್ಲಾಂದ್ರೆ ಡಿಎಸ್‌ಸಿ (ಕಂಪ್ಯೂಟರಿನಲ್ಲಿ ಹಾಕುವ ಡಿಜಿಟಲ್ ಸಹಿ) ಕೆಲಸ ಮಾಡುವುದಿಲ್ಲ." ದಯವಿಟ್ಟು ಇದನ್ನು ಕೇಳಬೇಡಿ ಮಾರಾಯ್ರೆ. ದಿನವಿಡೀ ಬೇರೆಯವರ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ ತೆರೆಯುವ ಕಂಪ್ಯೂಟರಿನಲ್ಲಿ ಬ್ರೌಸರ್ ಹಳತಾಗಿ ಕೂತಿರಬಾರದು. ಆದರೆ ಪ್ರತಿ ಅಪ್‌ಡೇಟಿಗೂ ಒಂದೇ ಅವಸರ ಇರುವುದಿಲ್ಲ. ಅದು ಎಂಥ ಅಪ್‌ಡೇಟ್ ಅಂತ ಮೊದಲು ಗುರುತಿಸಲಿಕ್ಕೆ ಬರಬೇಕು.

ಕ್ರೋಮಿನ ಆವೃತ್ತಿ ಸಂಖ್ಯೆಯಲ್ಲಿ ನಾಲ್ಕು ತುಂಡು ಉಂಟು. ಮೊದಲಿನದು, ಉದಾಹರಣೆಗೆ 141 ಹೋಗಿ 142, ಬದಲಾದರೆ ಬ್ರೌಸರಿನ ನಡವಳಿಕೆಯೇ ಬದಲಾಗಿರಬಹುದು. ಕೊನೆಯ ತುಂಡು ಮಾತ್ರ ಬದಲಾಗಿದ್ದರೆ ಅದು ಬಹುತೇಕ ಭದ್ರತೆಯ ತೇಪೆ, ಅಂದರೆ ತೂತು ಮುಚ್ಚುವ ಸಣ್ಣ ಅಪ್‌ಡೇಟ್. 2021ರಲ್ಲಿ 94ನೇ ಆವೃತ್ತಿಯಿಂದ ದೊಡ್ಡ ಬದಲಾವಣೆಯ ಅಂತರ ಆರು ವಾರದಿಂದ ನಾಲ್ಕು ವಾರಕ್ಕೆ ಇಳಿಯಿತು. 2023ರಲ್ಲಿ 116ರಿಂದ ತೇಪೆಗಳು ವಾರ ವಾರ ಬರಲಿಕ್ಕೆ ಶುರುವಾದವು. ತೇಪೆಯನ್ನು ಬಂದ ದಿನವೇ, ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಹಾಕಿ. ಮೊದಲ ಅಂಕಿ ಬದಲಾದರೆ ಒಂದು ಕಂಪ್ಯೂಟರಿಗೆ ಮೊದಲು ಹಾಕಿ ಎರಡು ದಿನ ನೋಡಿ, ಆಮೇಲೆ ಉಳಿದವಕ್ಕೆ.

ಇಲ್ಲಿ ಸುಮಾರು ಜನ ಎಡವುತ್ತಾರೆ. "ಅಬೌಟ್ ಕ್ರೋಮ್" ಪುಟ ಬರೀ ಮಾಹಿತಿ ತೋರಿಸುವುದಲ್ಲ, ತೆರೆದ ಕೂಡಲೇ ಹೊಸ ಆವೃತ್ತಿಯನ್ನು ಹುಡುಕಿ ಇಳಿಸಿಕೊಳ್ಳಲಿಕ್ಕೆ ಶುರು ಮಾಡುತ್ತದೆ. ಸಂಖ್ಯೆ ಮಾತ್ರ ನೋಡಬೇಕಿದ್ದರೆ ಅಡ್ರೆಸ್ ಬಾರಿನಲ್ಲಿ chrome://version ಅಂತ ಟೈಪಿಸಿ. ಇನ್ನೊಂದು: ಇಳಿದು ಬಂದ ಅಪ್‌ಡೇಟ್ ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯುವ ತನಕ ಜಾರಿಗೆ ಬರುವುದಿಲ್ಲ. ಬಲಗಡೆ ಮೇಲಿನ ಗುರುತು ಕೆಂಪಾಗಿದ್ದರೆ ಅಪ್‌ಡೇಟ್ ಬಂದು ವಾರವಾದರೂ ಆಯಿತು ಅಂತ ಅರ್ಥ. ಮೂವತ್ತು ಟ್ಯಾಬ್ ತೆರೆದಿಟ್ಟು ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಮನೆಗೆ ಹೋಗುವ ಕಡೆ ಇದು ಮಾಮೂಲಿ.

ದಿನ ಆರಿಸುವಾಗ ಕ್ಯಾಲೆಂಡರ್ ನೋಡಿ. ತಿಂಗಳು ತಿಂಗಳು ಜಿಎಸ್‌ಟಿ ಕಟ್ಟುವವರಿಗೆ 11ಕ್ಕೆ ಜಿಎಸ್‌ಟಿಆರ್-1 ರಿಟರ್ನಿನ, 20ಕ್ಕೆ 3ಬಿ ರಿಟರ್ನಿನ ಕಡೆಯ ದಿನ. ಮೊದಲ ಅಂಕಿ ಬದಲಾಗುವ ಅಪ್‌ಡೇಟಿನ ಪರೀಕ್ಷೆಗೆ 21ರ ನಂತರದ ದಿನಗಳೇ ಒಳ್ಳೆಯದು.

ಪರೀಕ್ಷೆ ಅಂದರೆ ಗೂಗಲ್ ತೆರೆದು ನೋಡುವುದಲ್ಲ. ಡಿಎಸ್‌ಸಿ ಇರುವ ಯುಎಸ್‌ಬಿ ಟೋಕನ್ ಚುಚ್ಚಿ, ಲಾಗಿನ್ ಆಗಿ, ಸಹಿ ಹಾಕುವ ಕಿಟಕಿಯಲ್ಲಿ ಸರ್ಟಿಫಿಕೇಟ್ ಕಾಣುವ ತನಕ ಹೋಗಬೇಕು. ಒಂದು ಪಹಣಿ ಪ್ರಿಂಟ್ ತೆಗೆದು ಕನ್ನಡದ ಒತ್ತಕ್ಷರ, ಎ4 ಅಂಚು ಸರಿ ಉಂಟಾ ನೋಡಬೇಕು. ಒಂದು ಫೈಲ್ ಅಪ್‌ಲೋಡ್ ಮಾಡಬೇಕು, ಪಾಪ್‌ಅಪ್ಪಿನಲ್ಲಿ ಬರುವ ರಸೀದಿ ತೆರೆಯುತ್ತದಾ ನೋಡಬೇಕು.

ಡಿಎಸ್‌ಸಿ ಯಾಕೆ ಕೈ ಕೊಡುತ್ತದೆ? ವೆಬ್‌ಸೈಟಿಗೆ ನೇರವಾಗಿ ಟೋಕನ್ ಮುಟ್ಟಲಿಕ್ಕೆ ಆಗುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಎಂಸೈನರಿನಂಥ ಪ್ರೋಗ್ರಾಂ ನಡುವೆ ಕೂತಿರುತ್ತದೆ. ಜಿಎಸ್‌ಟಿಯ ಎಂಸೈನರಿನ ವಿಳಾಸ 127.0.0.1, ಪೋರ್ಟ್ 1585. ಬ್ರೌಸರಿನಲ್ಲಿ ಹೊಸ ಪ್ರೊಫೈಲ್ (ಸೆಟ್ಟಿಂಗ್, ಒಪ್ಪಿಗೆಗಳೆಲ್ಲ ಇರುವ ಖಾತೆ) ಮಾಡಿದರೆ ಆ ವಿಳಾಸದ ಸರ್ಟಿಫಿಕೇಟಿಗೆ ಮೊದಲು ಕೊಟ್ಟ ಒಪ್ಪಿಗೆ ಅಲ್ಲಿರುವುದಿಲ್ಲ. ಆಗ https://127.0.0.1:1585 ಅಂತ ಟೈಪಿಸಿ ಒಮ್ಮೆ ತೆರೆದು, "ಅಡ್ವಾನ್ಸ್‌ಡ್" ಒತ್ತಿ ಮತ್ತೆ ಒಪ್ಪಬೇಕು. ಕ್ರೋಮ್ 142ರಿಂದ ಇನ್ನೊಂದು ತಡೆ ಸೇರಿದೆ. ಹೊರಗಿನ ಸೈಟ್ ನಿಮ್ಮ ಕಂಪ್ಯೂಟರಿನ ಅಥವಾ ಲೋಕಲ್ ನೆಟ್‌ವರ್ಕಿನ ವಿಳಾಸವನ್ನು ಸಂಪರ್ಕಿಸಲಿಕ್ಕೆ ಹೊರಟರೆ ಬ್ರೌಸರ್ ಅನುಮತಿ ಕೇಳುತ್ತದೆ. ಅವಸರದಲ್ಲಿ "ಬ್ಲಾಕ್" ಒತ್ತಿದರೆ ಇಂಥ ಪ್ರೋಗ್ರಾಮುಗಳ ಸಂಪರ್ಕ ತಪ್ಪಬಹುದು. ಅಡ್ರೆಸ್ಸಿನ ಎಡಗಡೆಯ ಗುರುತು ಒತ್ತಿ, ಸೈಟ್ ಸೆಟ್ಟಿಂಗಿಗೆ ಹೋಗಿ, ಆ ಒಂದು ಸೈಟಿಗೆ ಮಾತ್ರ ಅನುಮತಿ ಕೊಟ್ಟರೆ ಸಾಕು. ಈ ತಡೆ ನಿಮ್ಮ ರಕ್ಷಣೆಗೇ ಇರುವುದು, ಎಲ್ಲ ಸೈಟಿಗೂ ತೆಗೆದುಬಿಡಬೇಡಿ.

ಅಪ್‌ಡೇಟಿನ ತಪ್ಪೇ ಅಲ್ಲದ್ದನ್ನೂ ಅದರ ತಲೆಗೆ ಕಟ್ಟುವುದುಂಟು. ಪಿಡಿಎಫ್‌ನಲ್ಲಿ ಡಿಜಿಟಲ್ ಸಹಿಗೆ ಹಸಿರು ಗುರುತು ಬರದಿದ್ದರೆ, ಅದು ಬ್ರೌಸರಿನೊಳಗೆ ತೆರೆದದ್ದಕ್ಕೆ ಇರಬಹುದು. ಡೌನ್‌ಲೋಡ್ ಮಾಡಿ ಅಡೋಬಿ ರೀಡರಿನಲ್ಲಿ ತೆರೆದು ಸಹಿ ಪರಿಶೀಲಿಸಿ. ಆಟಿ ತಿಂಗಳ ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಎಲ್ಲ ಸೈಟೂ "ಸುರಕ್ಷಿತ ಅಲ್ಲ" ಅಂದರೆ ಮೊದಲು ಗಡಿಯಾರ ನೋಡಿ. ತಾರೀಕು ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ಮದರ್‌ಬೋರ್ಡಿನ ಸೆಲ್ ಮುಗಿದಿದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಿಗೆ ಸಿಆರ್ 2032 ಸೆಲ್ ಆಗುತ್ತದೆ. ಒಂದು ಸೈಟಿಗೆ ಮಾತ್ರ ತೊಂದರೆ ಇದ್ದರೆ ಇನ್‌ಕಾಗ್ನಿಟೊ (ಖಾಸಗಿ) ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ಸರಿಯಾದರೆ ದೋಷ ಕ್ಯಾಶೆಯದ್ದೋ (ಬ್ರೌಸರ್ ಉಳಿಸಿಟ್ಟ ಹಳೆಯ ಪ್ರತಿ) ಎಕ್ಸ್‌ಟೆನ್ಶನಿನದ್ದೋ (ಬ್ರೌಸರಿಗೆ ಸೇರಿಸಿದ ಸಣ್ಣ ಪ್ರೋಗ್ರಾಂ) ಆಗಿರಬಹುದು.

ಹಿಂದಿನ ಆವೃತ್ತಿಗೆ ಮರಳುವ ದಾರಿಯನ್ನು ನಂಬಬೇಡಿ. ಹೊಸತರಲ್ಲಿ ತೆರೆದ ಪ್ರೊಫೈಲನ್ನು ಹಳೆಯ ಫೈರ್‌ಫಾಕ್ಸ್ ತೆಗೆದುಕೊಳ್ಳುವುದಿಲ್ಲ, ಹೊಸ ಪ್ರೊಫೈಲ್ ಮಾಡು ಅನ್ನುತ್ತದೆ. 67ನೇ ಆವೃತ್ತಿಯಿಂದ ಹಾಗೆ. ಅದರ ಬದಲು ಎರಡನೇ ಬ್ರೌಸರ್ ತಯಾರಿರಲಿ. ನನ್ನ ಆಯ್ಕೆ ಫೈರ್‌ಫಾಕ್ಸ್ ಇಎಸ್‌ಆರ್. ಅದರಲ್ಲಿ ದೊಡ್ಡ ಬದಲಾವಣೆ ಸುಮಾರು ವರ್ಷಕ್ಕೊಮ್ಮೆ, ಭದ್ರತೆಯ ತೇಪೆ ಮಾತ್ರ ನಡುನಡುವೆ. ಮಾಮೂಲಿ ಫೈರ್‌ಫಾಕ್ಸ್ ಮೊದಲೇ ಇದ್ದರೆ "ಕಸ್ಟಮ್" ಆರಿಸಿ ಬೇರೆ ಫೋಲ್ಡರಿಗೆ ಹಾಕಿ, ಇಲ್ಲದಿದ್ದರೆ ಅದರ ಮೇಲೆಯೇ ಕೂರುತ್ತದೆ. ಡಿಎಸ್‌ಸಿ ಸಹಿಯನ್ನು ಅದರಲ್ಲೂ ಒಮ್ಮೆ ಹಾಕಿ ನೋಡಿಟ್ಟುಕೊಳ್ಳಿ. ಕಡೆಯ ದಿನ ಮಧ್ಯಾಹ್ನ ಇನ್‌ಸ್ಟಾಲ್ ಮಾಡಲಿಕ್ಕೆ ಕೂತರೆ ಕೆಲಸ ಆಗಲಿಕ್ಕಿಲ್ಲ.

ವಿಂಡೋಸ್ 7ರ ಹಳೆ ಪೆಟ್ಟಿಗೆಗಳಿಗೆ ಕ್ರೋಮ್ 109ಕ್ಕೇ ನಿಂತಿದೆ, ಅದು 2023ರ ಜನವರಿಯದ್ದು. ಫೈರ್‌ಫಾಕ್ಸ್ ಇಎಸ್‌ಆರ್‌ನಲ್ಲಿ 115 ಕೊನೆ. ನುಡಿ, ಬರಹದಲ್ಲಿ ಟೈಪಿಸಿದ ಹಳೆಯ ಮದುವೆ ಕಾಗದದ ಫೈಲುಗಳಿಗೆ ಆ ಕಂಪ್ಯೂಟರ್ ಬೇಕಾದರೆ ಇಟ್ಟುಕೊಳ್ಳಿ, ನೆಟ್ ಕೇಬಲ್ ಮಾತ್ರ ಇವತ್ತೇ ತೆಗೆಯಿರಿ.