ಬೆನ್ನುಡಿ ಓದಿದವರ ಆಯ್ಕೆ

ಡಿಸೆಂಬರ್ ಕೊನೆಯ ಭಾನುವಾರದ ಪುರವಣಿಗಳಲ್ಲಿ ‘ಈ ವರ್ಷ ನಾನು ಮೆಚ್ಚಿದ ಕೃತಿ’ ಎಂಬ ವಾರ್ಷಿಕ ವ್ರತವು ಸಾಂಗವಾಗಿ ನೆರವೇರುತ್ತದೆ. ಕಥೆ, ಕವಿತೆಗಳನ್ನು ಮೆಚ್ಚುವವರಿಗೆ ಅಭಿರುಚಿಯೆಂಬ ಆಸರೆಯಾದರೂ ಇರುತ್ತದೆ. ಜೀವನಚರಿತ್ರೆ, ಇತಿಹಾಸ, ವಿಜ್ಞಾನ ಗ್ರಂಥಗಳನ್ನು ಮೆಚ್ಚಬೇಕಾದರೆ ಅವುಗಳಲ್ಲಿರುವ ಸಂಗತಿಗಳು ನಿಜವೇ ಎಂದು ನೋಡಬೇಕಾದೀತೆಂಬ ಭಯವಿದೆ. ಆ ಭಯವನ್ನು ನಮ್ಮ ಶಿಫಾರಸುದಾರರು ಎಂದೋ ಗೆದ್ದಿದ್ದಾರೆ. 600 ಪುಟಗಳ ಚರಿತ್ರೆಯ ಬಗ್ಗೆ ‘ಪ್ರತಿಯೊಬ್ಬ ಕನ್ನಡಿಗನೂ ಓದಲೇಬೇಕಾದ ಆಕರ ಗ್ರಂಥ’ ಎಂದು ಬರೆಯಲು ಆರು ಪುಟಗಳನ್ನು ಓದುವ ಅಗತ್ಯವೂ ಇಲ್ಲ. ಏಕೆಂದರೆ ಆ ವಾಕ್ಯವು ಬೆನ್ನುಡಿಯಲ್ಲಿಯೇ ಇರುತ್ತದೆ, ಬೆನ್ನುಡಿ ಬರೆದವರು ಬಹಳಷ್ಟು ಸಲ ಶಿಫಾರಸು ಮಾಡುತ್ತಿರುವವರೇ ಆಗಿರುತ್ತಾರೆ. ಮುನ್ನುಡಿ ಬರೆದವರು ಬಿಡುಗಡೆ ಮಾಡಿ, ಬಿಡುಗಡೆ ಮಾಡಿದವರು ವಿಮರ್ಶೆ ಬರೆದು, ವಿಮರ್ಶೆ ಬರೆದವರು ವರ್ಷಾಂತ್ಯದ ಪಟ್ಟಿಗೆ ಸೇರಿಸುವ ಈ ಏರ್ಪಾಡಿನಲ್ಲಿ ಕೃತಿಯು ಹೊರಗಿನವರೊಬ್ಬರ ಕೈಗೂ ಸಿಕ್ಕದೆ ಅತ್ಯುತ್ತಮವಾಗಿಬಿಡುತ್ತದೆ.

ಬರಾಕ್ ಒಬಾಮ 2018ರ ತಮ್ಮ ಮೆಚ್ಚಿನ ಪುಸ್ತಕಗಳ ಪಟ್ಟಿಯಲ್ಲಿ ಪತ್ನಿಯ ಆತ್ಮಕಥೆಯನ್ನು ಸೇರಿಸಿ, ಅದೇ ತಮಗೆ ಅಚ್ಚುಮೆಚ್ಚೆಂದು ಬಹಿರಂಗವಾಗಿಯೇ ಹೇಳಿಕೊಂಡರು. ನಮ್ಮವರಿಗೆ ಅಷ್ಟು ಎದೆಗಾರಿಕೆ ಇಲ್ಲ. ಶಿಷ್ಯನ ಮಹಾಪ್ರಬಂಧವನ್ನು ವರ್ಷದ ಶ್ರೇಷ್ಠ ಸಂಶೋಧನೆಯೆಂದು ಕೊಂಡಾಡುವ ಪ್ರಾಧ್ಯಾಪಕರು, ಮಾರ್ಗದರ್ಶಕರು ಯಾರೆಂಬ ವಿವರವನ್ನು ಕೃತಜ್ಞತೆಯ ಪುಟಕ್ಕೇ ಬಿಟ್ಟುಬಿಡುತ್ತಾರೆ.

ಸ್ವಜನಪಕ್ಷಪಾತದ ಸೋಂಕಿಲ್ಲದ ಪಟ್ಟಿಯೊಂದು ಬಂದದ್ದು 2025ರ ಮೇ ತಿಂಗಳಲ್ಲಿ, ಅಮೆರಿಕದ ಷಿಕಾಗೊ ಸನ್-ಟೈಮ್ಸ್ ಪತ್ರಿಕೆಯ ಪುರವಣಿಯಲ್ಲಿ. ಬೇಸಿಗೆಯ ಓದಿಗೆಂದು ಅಲ್ಲಿ ಸೂಚಿಸಿದ್ದ 15 ಪುಸ್ತಕಗಳಲ್ಲಿ 10ನ್ನು ಯಾರೂ ಬರೆದೇ ಇರಲಿಲ್ಲ. ಕೃತಕ ಬುದ್ಧಿಮತ್ತೆಯು ನಿಜವಾದ ಲೇಖಕರ ಹೆಸರಿಗೆ ಇಲ್ಲದ ಶೀರ್ಷಿಕೆಗಳನ್ನು ಅಂಟಿಸಿತ್ತು. ಜಗತ್ತೆಲ್ಲ ನಕ್ಕಿತು. ನಗುವಂಥದ್ದು ಏನಿತ್ತೋ! ಯಂತ್ರವೂ ಓದಿರಲಿಲ್ಲ ನಿಜ, ಆದರೆ ಓದಲು ಪುಸ್ತಕವೇ ಇರಲಿಲ್ಲವೆಂಬ ಸಬೂಬಾದರೂ ಅದಕ್ಕಿತ್ತು. ಮೇಲಾಗಿ ಅದು ಯಾವ ಲೇಖಕರ ಮನೆಯಲ್ಲಿಯೂ ಕಾಫಿ ಕುಡಿದಿರಲಿಲ್ಲ.

ಇಷ್ಟಾದರೂ ಪಟ್ಟಿಯನ್ನು ನಂಬಿ ಜನವರಿಯಲ್ಲಿ ಪುಸ್ತಕದಂಗಡಿಗೆ ಹೋಗುವ ಮುಗ್ಧರು ನಮ್ಮಲ್ಲಿದ್ದಾರೆ. ಕಳೆದ ವರ್ಷದ ಅತ್ಯುತ್ತಮ ವಿಜ್ಞಾನ ಕೃತಿಯನ್ನು ಕೊಡಿರೆಂದು ಅವರು ಕೇಳಿದರೆ, ಅದು ಇನ್ನೂ ಬೈಂಡಿಂಗ್‌ನಿಂದ ಬಂದಿಲ್ಲವೆಂದೂ, ಬಂದ ಕೂಡಲೇ ಮೊದಲ ಪ್ರತಿಗಳು ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಹೋಗಬೇಕೆಂದೂ, ಬೇಕಿದ್ದರೆ ಈ ವರ್ಷದ ಅತ್ಯುತ್ತಮ ಕೃತಿಗೆ ಈಗಲೇ ಹೆಸರು ಬರೆಸಿ ಹೋಗಬಹುದೆಂದೂ ಅಂಗಡಿಯವರು ವಿನಯದಿಂದ ತಿಳಿಸುತ್ತಾರೆ.