ತಳ ತಿರುವಿ ನೋಡಿ ಕೊಳ್ಳಿ

ಕೆತ್ತನೆಯ ಹಳೆ ಮಹಾಗನಿ ಪೆಟ್ಟಿಗೆ ಸಂಗ್ರಹಕಾರರಿಗೆ ಮಾರಾಟಕ್ಕಿದೆ ಅಂತ ಓದಿದ ಕೂಡಲೇ ನಮ್ಮ ಅಜ್ಜಿಯ ಸಂದೂಕ ನೆನಪಾಯಿತು. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಮುಳುಗಡೆಯಾದಾಗ ನವನಗರದ ಚಿಕ್ಕ ಮನೆಯಲ್ಲಿ ಅದಕ್ಕೆ ಜಾಗ ಸಾಲಲಿಲ್ಲ. ಸುಮ್ನೆ ಕಟ್ಟಿಗೆ ರೇಟಿಗೆ ಕೊಟ್ಟುಬಿಟ್ಟೆವು. ಮುಚ್ಚಳ ತೆಗೆದರೆ ಇಳಕಲ್ ಸೀರೆ, ಒಣಗಿದ ಬೇವಿನೆಲೆಯ ವಾಸನೆ ಬರುತ್ತಿತ್ತು. ಈಗಲೂ ಹೊಟ್ಟೆ ಉರಿಯುತ್ತದೆ.

ಕೊಳ್ಳುವವರು ಮೇಲಿನ ಪಾಲಿಶ್‌ಗೆ ಮರುಳಾಗಬೇಡಿ. ಪೆಟ್ಟಿಗೆ ತಿರುವಿ ತಳ ನೋಡಿ. ಕೈಯಲ್ಲಿ ಮಾಡಿದ್ದಾದರೆ ಉಳಿಯ ಗುರುತು ಅಲ್ಲಲ್ಲಿ ಏರುಪೇರಾಗಿ ಕಾಣುತ್ತದೆ. ಮರ ಯಾವುದು ಅಂತಲೂ ವಿಚಾರಿಸಿ. ಮಹಾಗನಿ ಮೂಲತಃ ಅಮೆರಿಕ ಖಂಡದ ಮರ, ನಮ್ಮ ಕಡೆಯ ಹಳೆ ಮನೆಗಳಲ್ಲಿ ಸಾಗವಾನಿಯೇ ಜಾಸ್ತಿ ಅಲ್ವಾ? ಕೆಂಪು ಬಣ್ಣ ಹಚ್ಚಿ ಮಹಾಗನಿ ಅಂದರೆ ನಂಬಬೇಡಿ. ಮಾರುವವರಿಗೂ ಒಂದು ಮಾತು: ದಯವಿಟ್ಟು ಹಳೆಯ ಹಿತ್ತಾಳೆ ಚಿಲಕ ಬದಲಿಸಬೇಡಿ.